ಗಿರಿಜತ್ತೆ ತೆರೆಸಿದ ಅಟ್ಟ

ಆಗೆಲ್ಲ ಅರಸೀಕೆರೆಯ ನಮ್ಮ ಮನೆಯಲ್ಲಿ ಸಂಜೆಗೊಂದು ಕ್ರಮವಿತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿ, ನಡುಮನೆಯ ದೀಪದ ಮುಂದೆ ಕೂತು ಮಗ್ಗಿ ಹೇಳಬೇಕು. ನಡುವೆ ತಲೆ ಎತ್ತಿದರೆ ಅಪ್ಪನ ಗದರಿಕೆ. ಒಂದು ಮಳೆಗಾಲದಲ್ಲಿ ಮಾತ್ರ ಮೊದಲು ತಲೆ ಎತ್ತಿದವರು ಅಪ್ಪನೇ.

ನಡುಮನೆಯ ಮೇಲೆ ಕೊಬ್ಬರಿ ಅಟ್ಟವಿತ್ತು. ತಾತ ಅಲ್ಲಿಂದ ಬಿದ್ದು ಸತ್ತ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ತೋಟದ ಕಾಯಿಯನ್ನೆಲ್ಲ ಹಸಿಯಾಗಿಯೇ ಮಾರುತ್ತಿದ್ದೆವು. ಗಂಡನನ್ನು ಕಳೆದುಕೊಂಡು ಮಾದಿಹಳ್ಳಿಯಿಂದ ತವರಿಗೆ ಬಂದಿದ್ದ ಗಿರಿಜತ್ತೆ ಅಟ್ಟ ತೆರೆಯಬೇಕೆಂದಳು. ಕಾಯಿಯನ್ನು ವರ್ಷದ ಹತ್ತಿರ ಒಣಗಿಸಿ ಕೊಬ್ಬರಿ ಮಾಡಿ, ತಾನೇ ಮಂಡಿಗೆ ಹೋಗಿ ವ್ಯಾಪಾರ ಹಿಡಿಯುವುದು ಅವಳ ಆಸೆ.

"ಅಪ್ಪ ಬಿದ್ದ ಜಾಗ ಕಣವ್ವ ಅದು," ಎಂದರು ನಮ್ಮಪ್ಪ.

"ಬಿದ್ದಿದ್ದು ಏಣಿ ಮುರಿದು ಕಣಣ್ಣ. ಹೊಸ ಏಣಿ ಮಾಡ್ಸು."

"ಕಾಯಿ ಕೊಳೆತ್ರೆ?"

"ನನ್ನ ಪಾಲಿನ ಕಾಯಲ್ಲಿ ಅರ್ಧ ಹಸೀಲೇ ಮಾರ್ತೀನಿ, ಅರ್ಧ ಮಾತ್ರ ಮೇಲಕ್ಕೆ. ಅದೂ ಹೋದ್ರೆ ನೀನು ಹೇಳ್ದಂಗೆ ಮಾದಿಹಳ್ಳೀಗೆ ಹೋಗಿ ಬಾವನ ಮನೇಲಿ ಒಲೆ ಊದ್ಕೊಂಡಿರ್ತೀನಿ. ಸರೀನಾ?"

ಅತ್ತೆ ಹೆಂಚುಗಳನ್ನು ಒಂದೊಂದಾಗಿ ನೋಡಿಸಿದಳು. ಅಟ್ಟಕ್ಕೆ ಹಾಸಿದ್ದ ಬಿದಿರಿನ ತಡಿಕೆ ಬದಲಿಸಿದಳು. ಸಂಕ್ರಾಂತಿಯ ಹೊತ್ತಿಗೆ ಕಾಯಿ ಏರಿಸಿ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಣಗುವ ತನಕ ಕಾಯಿ ಮುಟ್ಟಬಾರದೆಂಬುದು ನಮ್ಮ ಕಡೆಯ ಪದ್ಧತಿ.

ಆಷಾಢದ ಮಳೆ ಹಿಡಿಯಿತು. ಒಂದು ಸಂಜೆ ನಾನೂ ತಂಗಿ ಗೌರಿಯೂ ಮಗ್ಗಿ ಹೇಳುತ್ತಿದ್ದಾಗ ಮೇಲೆ 'ದಡ್' ಎಂದಿತು. ಸ್ವಲ್ಪ ಹೊತ್ತಿಗೆ ಏನೋ ನಿಧಾನವಾಗಿ ಉರುಳಿ ನಿಂತಂತಾಯಿತು. ಅಪ್ಪ ಮೇಲೆ ನೋಡಿದರು. ಗೌರಿ ನನ್ನ ತೋಳು ಹಿಡಿದಳು.

"ಇಲಿ ಇರ್ಬೇಕು," ಎಂದರು ಅಪ್ಪ.

"ಇಲಿ ಕಾಯಿ ಎತ್ತಿಡ್ತದಾ ಅಪ್ಪಾಜಿ?" ಎಂದಳು ಗೌರಿ.

ಮಳೆ ಜೋರಾದ ಸಂಜೆಗಳಲ್ಲೆಲ್ಲ ಆ ಸದ್ದು ಬರತೊಡಗಿತು. ಸದ್ದಿನ ಜೊತೆಗೆ ಹಸಿ ನಾರಿನ, ಹೊಗೆಯ ವಾಸನೆ ಇಳಿಯುತ್ತಿತ್ತು. ಮಂತ್ರಿಸಿದ ದಾರ ಕಟ್ಟಿಸೋಣವೆಂದರು ಅಪ್ಪ. ಅತ್ತೆ ಒಪ್ಪಲಿಲ್ಲ. ಆದರೆ ಅವಳ ಮುಖ ಬಾಡುತ್ತಿದ್ದುದನ್ನು ನಾನು ಕಂಡೆ. ಮಾದಿಹಳ್ಳಿಗೆ ಒಯ್ಯಲು ಸೀರೆಗಳನ್ನೂ ಒಂದು ದಿನ ಮಡಿಚಿಟ್ಟಳು.

ಕಾರ್ತಿಕ ಕಳೆದ ಮೇಲೆ ಬೀಗ ತೆಗೆದೆವು. ಅತ್ತೆ ಮೊದಲು ಹತ್ತಿದಳು, ಅವಳ ಹಿಂದೆ ಕಂದೀಲು ಹಿಡಿದು ಅಪ್ಪ, ಕೊನೆಗೆ ನಾನು. ಅತ್ತೆ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಗಿಟುಕು ಗಡಗಡ ಎಂದಿತು. ಇನ್ನೊಂದು ಎತ್ತಿದಳು, ಮತ್ತೊಂದು. ಎಲ್ಲವೂ ಒಣಗಿದ್ದವು.

ಆಮೇಲೆ ಅಪ್ಪ ಕಂದೀಲನ್ನು ಮೂಲೆಗೆ ಹಿಡಿದರು. ಅಲ್ಲೊಂದು ಹೆಂಚು ಒಡೆದಿತ್ತು. ಮಳೆ ಇಳಿದು ಕೆಳಗಿನ ಬಿದಿರು ಕಪ್ಪಗೆ ಕೊಳೆತಿತ್ತು. ಆದರೆ ನಾವು ಒತ್ತೊತ್ತಾಗಿ ತುಂಬಿದ್ದ ಕಾಯಿಗಳು ಆ ಜಾಗ ಬಿಟ್ಟು ಸುತ್ತ ಸರಿದು ಕೂತಿದ್ದವು. ಒಂದೂ ನೆನೆದಿರಲಿಲ್ಲ. ನಡುವೆ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಜಾಗ ಖಾಲಿಯಿತ್ತು.

ನೆನೆದ ಬಿದಿರು ಉಬ್ಬಿ ಕಾಯಿ ಜಾರಿರಬಹುದು. ಹಾಗೆಂದು ನಾನು ಇಂದಿಗೂ ಹೇಳುತ್ತೇನೆ.

"ಹೆಂಚು ನೋಡಿದ್ದೆ, ತಡಿಕೆ ನೋಡಿದ್ದೆ," ಎಂದಳು ಅತ್ತೆ ಮೆಲ್ಲಗೆ. "ಇದನ್ನ ನೋಡ್ಕೊಂಡಿದ್ದು ನಾನಲ್ಲ ಕಣಣ್ಣ."

ಅಪ್ಪ ಆ ಖಾಲಿ ಜಾಗವನ್ನು ದಾಟದೆ, ಸುತ್ತು ಹಾಕಿ ಬಂದು ಕಾಯಿ ಇಳಿಸಿದರು.

ಅತ್ತೆ ಮಾದಿಹಳ್ಳಿಗೆ ಹೋಗಲಿಲ್ಲ. ಮಂಡಿಯಲ್ಲಿ ಅವಳದೇ ಅಂಗಡಿಯಾಯಿತು. ನಾನೂ ಮುಂದೆ ಇದ್ದ ಕೆಲಸ ಬಿಟ್ಟು ಬೇಲೂರಿನಲ್ಲಿ ಸ್ವಂತ ಅಚ್ಚುಕೂಟ ಹಾಕಿದೆ. ಅತ್ತೆಯಂತೆಯೇ ಅರ್ಧ ದುಡ್ಡು ಕೈಯಲ್ಲಿಟ್ಟುಕೊಂಡು, ಎಲ್ಲವನ್ನೂ ಎರಡು ಸಲ ನೋಡಿಕೊಂಡೇ ಇಳಿದೆ. ಕೈ ಹತ್ತಿತು. ಆದರೆ ಗೆಲ್ಲುತ್ತೇನೋ ಮುಳುಗುತ್ತೇನೋ ತಿಳಿಯದ ಆ ಮೊದಲ ಮಳೆಗಾಲದ ಸಂಜೆಗಳಲ್ಲಿ ತಲೆ ಎತ್ತಿದರೆ ಕಾಣುತ್ತಿದ್ದುದು ಸುಣ್ಣ ಬಳಿದ ತಾರಸಿ. ಮೇಲೆ ಯಾರೂ ಇರಲಿಲ್ಲ.