ಕಾರಿನಲ್ಲಿ ಕುಳಿತ ಸೊಸೆ

ನನ್ನ ಸೊಸೆಗೆ ಮನೆ ಬೇಸರವಾಗಿರಲಿಲ್ಲ. ತಲೆ ತುಂಬಿತ್ತು, ಅಷ್ಟೇ. ಉಳಿದದ್ದೆಲ್ಲ ಮಗ ತಾನೇ ಕಟ್ಟಿಕೊಂಡ ಕಥೆ.

ವಾಕಡದಲ್ಲಿ ನಮ್ಮದು ಏಳನೇ ಮಹಡಿ. ಹಿಂಜವಾಡಿಯ ಆಫೀಸು ಮುಗಿಸಿ ಸೊಸೆ ಕಾರು ತಂದು ನಿಲ್ಲಿಸುವುದು ಬಾಲ್ಕನಿಯಿಂದ ಕಾಣುತ್ತದೆ. ಆ ಬೇಸಿಗೆಯಲ್ಲಿ ಕಾರು ನಿಂತರೂ ಅವಳು ಮೇಲೆ ಬರುತ್ತಿರಲಿಲ್ಲ. ನಾನು ಮೆಂತ್ಯದ ಸೊಪ್ಪು ಸೋಸಿ ಮುಗಿಸುವಷ್ಟು ಹೊತ್ತು ಒಳಗೇ ಕುಳಿತಿರುತ್ತಿದ್ದಳು. ಮಗನೂ ನೋಡಿದ.

"ಅಕಿಗೆ ನಮ್ಮ ಮಾರಿ ನೋಡೂದು ಬ್ಯಾಡಾಗೇದವ್ವ," ಎಂದ. ಹೆಂಡತಿಯೊಡನೆ ಮಾತು ಬಿಟ್ಟ. ಮಾತು ಬಿಟ್ಟ ಮನೆಗಳು ಒಡೆದದ್ದನ್ನು ನಾನು ನೋಡಿದ್ದೇನೆ.

ಹೊರಗಿನಿಂದ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ನಮ್ಮ ಕಡೆಯ ರೂಢಿ ಅದು. ಅವಳು ಬರದಿದ್ದರೆ ನೀರೇ ಹೋಗಲಿ ಎಂದು ಒಂದು ಸಂಜೆ ಬೆಲ್ಲದ ಚೂರು, ತಂಬಿಗೆ ಹಿಡಿದು ಲಿಫ್ಟಿನಲ್ಲಿ ಇಳಿದೆ. ಕಾರಿನ ಕಿಟಕಿ ಬಡಿದೆ.

ಸೊಸೆ ಬೆಚ್ಚಿದಳು. "ಏನಾತ್ರಿ ಅತ್ತಿ? ಎಲ್ಲಾರೂ ಆರಾಮ ಅದಾರಿಲ್ಲೋ?"

"ಆರಾಮ ಅದೀವಿ. ನೀ ಬೆಲ್ಲ ತಿನ್ನು."

ಪಕ್ಕದಲ್ಲಿ ಕುಳಿತು ಕಾಲು ಚಾಚಿದೆ. ಏನೂ ಕೇಳಲಿಲ್ಲ. ನೀರು ಕುಡಿದ ಮೇಲೆ ಅವಳೇ ಹೇಳಿದಳು.

"ದಿನಾಪೂರ್ತಿ ಆಫೀಸಿನ್ಯಾಗ ಉತ್ತರ ಕೊಡೂದು. ಮ್ಯಾಲೆ ಬಂದಕೂಡ್ಲೆ, ಮಾತು ಬಿಡೂ ತನಕ ಇವ್ರು ಲೈಟ್ ಬಿಲ್ ಅಂತಿದ್ರು, ಮಗಳು ಹೋಮ್‌ವರ್ಕ್ ಅಂತಾಳ, ನೀವು ಕುಕ್ಕರ್ ಇಡ್ಲೇನು ಅಂತೀರಿ. ಇಲ್ಲೆ ಯಾರೂ ಏನೂ ಕೇಳಂಗಿಲ್ರಿ. ಒಂದೀಟು ಸುಮ್ನ ಕುಂತ್ರ ಸಿಟ್ಟು ಇಳೀತದ. ಇಲ್ಲಂದ್ರ ಬಂದು ನಿಮ್ಮ ಮ್ಯಾಲೆ ಹಾಯ್ತೀನಿ."

"ಹಾಯ್ದು ನೋಡು. ನನಗೂ ಕೋಡ ಅದಾವ."

ನಕ್ಕಳು. ಬಹಳ ದಿನಗಳ ಮೇಲೆ ಆ ನಗು ಕೇಳಿದೆ.

ಇದಕ್ಕೆ ಸ್ಟ್ರೆಸ್ ಎನ್ನುತ್ತಾರಂತೆ. ಅದನ್ನು ಇಳಿಸುವುದು ಹೇಗೆಂದು ಆಫೀಸಿನಲ್ಲಿ ಕ್ಲಾಸೂ ಇದೆಯಂತೆ, ಊಟದ ಬಿಡುವಿನಲ್ಲಿ. ಉಣ್ಣುವ ಹೊತ್ತಿಗೆ ಪಾಠ ಹೇಳಿದರೆ ಇಳಿಯುವುದೆಲ್ಲಿಂದ? ನಾನು ಸೊಸೆಯಾಗಿದ್ದಾಗ ಹಳ್ಳಕ್ಕೆ ಹೋಗಿ ಬಟ್ಟೆ ಒಗೆದು, ಒಣಗುವ ತನಕ ಅಲ್ಲೇ ಕೂರುತ್ತಿದ್ದೆ. ಬಟ್ಟೆ ಮನೆಯಲ್ಲೂ ಒಣಗುತ್ತಿತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಮಗನಿಗೆ ಹೇಳಿದೆ: "ಶಾಣ್ಯಾ, ಆಫೀಸಿನ ಸಿಟ್ಟು ನಿನ್ನ ತನಕ ಬರಬಾರದಂತ ಅಕಿ ಕೆಳಗ ಕುಂದರ್ತಾಳ. ಮೊದ್ಲ ನೀ ಹೋಗಿ ಮಾತಾಡ್ಸು."

ಅವನು ಕಪ್ಪು ಹಿಡಿದುಕೊಂಡೇ ಸೊಸೆಯಿದ್ದ ಕೋಣೆಗೆ ಹೋದ. ನಾನು ಜಡೆ ಹಾಕುವ ನೆಪದಲ್ಲಿ ಮೊಮ್ಮಗಳನ್ನು ಬಾಲ್ಕನಿಗೆ ಕರೆದೊಯ್ದು ಬಾಗಿಲು ಎಳೆದುಕೊಂಡೆ.