ಮೆತ್ತನೆಯ ಹೆಡ್ಡು

ಆಗೆಲ್ಲ ಕೊತ್ತತ್ತಿ ಕಡೆ ಆಲೆಮನೆ ಶುರುವಾಯಿತೆಂದರೆ ನಮಗೆ, ಮಕ್ಕಳಿಗೆ, ಊಟದ ನೆನಪೇ ಇರುತ್ತಿರಲಿಲ್ಲ. ಕೊಪ್ಪರಿಗೆಯಂಚಿನ ನೊರೆ, ಬಿಸಿಬೆಲ್ಲಕ್ಕೆ ಅದ್ದಿದ ಕಬ್ಬಿನ ತುಂಡು, ರಸ ಹಿಂಡಿ ಒಣಗಲು ಹಾಕಿದ ಕಬ್ಬಿನ ರಚ್ಚಿನ ಗುಡ್ಡೆಯ ಹಿಂದೆ ಕಣ್ಣಾಮುಚ್ಚಾಲೆ. ನಿಮಗೂ ಇವೆಲ್ಲ ನೆನಪಿರಬೇಕು. ನನಗೆ ಮಾತ್ರ ಬೆಲ್ಲಕ್ಕಿಂತ ಮೊದಲು ಡೀಸೆಲ್ ವಾಸನೆ ಬರುತ್ತದೆ.

ನಮ್ಮ ಗಾಣ ತಿರುಗುತ್ತಿದ್ದುದು ಹ್ಯಾಂಡಲ್ ಹಾಕಿ ಸುತ್ತುವ ಡೀಸೆಲ್ ಇಂಜಿನ್ನಿನಿಂದ. ಒಂದು ವರ್ಷ ಆ ಹ್ಯಾಂಡಲ್ ತಿರುಗಿ ಒದ್ದು ಅಪ್ಪನ ಬಲಗೈ ಮುರಿದಿತ್ತು. ಕಟ್ಟು ಹಾಕಿಸಿದರೂ ಮೂಳೆ ಸೊಟ್ಟಗೇ ಕೂಡಿತು. ಅಂದಿನಿಂದ ಸುತ್ತುವ ಕೆಲಸ ಅವ್ವನದು. ಅವ್ವ ಕಡ್ಡಿಯಂತಿದ್ದಳು. ಅವಳು ಹ್ಯಾಂಡಲ್ ಹಿಡಿದಾಗಲೆಲ್ಲ ಅಪ್ಪ ಅತ್ತ ಮುಖ ತಿರುಗಿಸಿಬಿಡುತ್ತಿದ್ದ.

ಮರುವರ್ಷ ಇಂಜಿನ್ನಿನ ಹೆಡ್ಡು, ಅಂದರೆ ಗಾಳಿ ಅದುಮುವ ಸಿಲಿಂಡರಿನ ಮೇಲಿನ ಮುಚ್ಚಳ, ಸೀಳುಬಿಟ್ಟಿತು. ಗಾಳಿಯನ್ನು ಒಳಗೆ ಹೊರಗೆ ಬಿಡುವ ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್ ಶಾಫ್ಟೂ ಸವೆದಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಮದ್ದೂರಿನ ಮೆಕ್ಯಾನಿಕ್ ರಾಜಣ್ಣನ ಹತ್ತಿರ ಹೋದ. ಅವನು ಎರಡು ಹಳೆಯ ಹೆಡ್ಡು ತೆಗೆದಿಟ್ಟ.

"ಇದು ಗಾಳಿನ ಬಿಗಿಯಾಗಿ ಅದುಮ್ತದೆ, ತಟ್ನೆ ಅತ್ಕತದೆ. ಆದ್ರೆ ಒದೀತದೆ. ಇದ್ರೊಳಗೆ ಜಾಗ ಜಾಸ್ತಿ, ಅದುಮೋದು ಕಮ್ಮಿ. ಎಂಗಸ್ರೂ ಸುತ್ಬೋದು."

"ಮೆತ್ಗಿರೋದೇ ಕೊಡು," ಅಂದ ಅಪ್ಪ.

"ಅಂಗಾದ್ರೆ ವಾಲ್ವು ಬೇಗ ಮುಚ್ಚೋ ಕ್ಯಾಮು ಆಕ್ಸು ಕೆಂಪಣ್ಣ. ತಡವಾಗಿ ಮುಚ್ಚಿದ್ರೆ ಇರೋ ಗಾಳಿನೂ ಆಚೆಗೋಯ್ತದೆ. ಚಳೀಲಿ ಅತ್ಕಳಾಕಿಲ್ಲ."

"ತಡವಾಗಿ ಮುಚ್ಚಿದ್ರೆ ಸುತ್ತಾಕೆ ಇನ್ನೂ ಸಲೀಸಾ?"

"ಸಲೀಸೇನೋ ಸಲೀಸೆಯ..."

"ಅದ್ನೇ ಆಕ್ಬುಡು. ಅವ್ಳ ಕೈ ನೀನು ನೋಡಿಲ್ಲ."

ಮೊದಲ ಸಲ ಸುತ್ತಿದಾಗ ಅವ್ವ ನಕ್ಕೇಬಿಟ್ಟಳು. "ರಾಗಿಕಲ್ಲು ಬೀಸ್ದಂಗದೆ ಕಣಮ್ಮಿ!" ಎಂದಳು ನನಗೆ. ಅಪ್ಪನ ಮುಖ ನೋಡಬೇಕಿತ್ತು, ಗೆದ್ದ ಕೋಳಿಯ ಯಜಮಾನನ ಹಾಗೆ.

ಧನುರ್ಮಾಸದ ಚಳಿ ಬಂತು. ಒಂದು ಬೆಳಿಗ್ಗೆ ಎಷ್ಟು ಸುತ್ತಿದರೂ ಇಂಜಿನ್ ಹತ್ತಲಿಲ್ಲ. ಕಡಿದ ಕಬ್ಬು ಒಣಗುತ್ತದೆಂಬ ಅವಸರ ಬೇರೆ. ಅಂಥ ಹೊತ್ತಿನಲ್ಲಿ ಡೀಸೆಲ್ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ, ಇಂಜಿನ್ ಗಾಳಿ ಎಳೆಯುವ ಬಾಯಿಗೆ ಹಿಡಿಯುವುದು ನಮ್ಮ ಕಡೆಯ ರೂಢಿ. ಅಪ್ಪ ಎಡಗೈಯಲ್ಲಿ ಹ್ಯಾಂಡಲ್ ಸುತ್ತಿದ, ಅವ್ವ ಬಟ್ಟೆ ಹಿಡಿದಳು. ತಡವಾಗಿ ಮುಚ್ಚುವ ವಾಲ್ವಿನಿಂದ ಗಾಳಿ ಹಿಂದಕ್ಕೆ ನುಗ್ಗಿ, ಇಂಜಿನ್ ಕೆಮ್ಮಿ ಬೆಂಕಿಯನ್ನು ಹೊರಕ್ಕೇ ಉಗುಳಿತು. ಅವ್ವನ ಸೆರಗು ಹೊತ್ತಿಕೊಂಡಿತು. ಅಪ್ಪ ಗೋಣಿಚೀಲ ಹೊದಿಸಿ ಆರಿಸುವಷ್ಟರಲ್ಲಿ ಅವಳ ಅರ್ಧ ಮೈ ಬೆಂದಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಅವ್ವನೇ ಅಪ್ಪನಿಗೆ ಸಮಾಧಾನ ಹೇಳಿದಳು. "ನೀವು ಒಳ್ಳೇದ್ಕೇ ತಂದ್ರಿ ಬುಡಿ. ಅಳ್ಬ್ಯಾಡಿ." ಅವಳು ಮತ್ತೆ ಮನೆಗೆ ಬರಲಿಲ್ಲ.

ಈಗ ನಮ್ಮೂರ ಗಾಣಗಳು ಕರೆಂಟಿನಲ್ಲಿ ತಿರುಗುತ್ತವೆ, ಗುಂಡಿ ಒತ್ತಿದರಾಯಿತು. ಒಳ್ಳೆಯದೇ ಆಯಿತು; ಹಳೆಯದನ್ನೆಲ್ಲ ಹೊಗಳುವ ಚಟ ನನಗಿಲ್ಲ. ಅಪ್ಪ ಸಾಯುವವರೆಗೂ ಬೆಲ್ಲವನ್ನು ಬಾಯಿಗಿಡಲಿಲ್ಲ. ಅವನನ್ನು ದಡ್ಡ ಎಂದವರೂ ಇದ್ದಾರೆ, ಅನ್ನಲಿ. ಅವ್ವನ ಮೇಲೆ ಅವನಿಗೆ ಅಷ್ಟೊಂದು ಅಕ್ಕರೆ ಇಲ್ಲದಿದ್ದರೆ ಅವಳು ಉಳಿಯುತ್ತಿದ್ದಳು. ಇದಕ್ಕೆ ನಾನು ಯಾರನ್ನು ಬೈಯಲಿ?