ಹೆಬ್ಬಾತುಗಳೂ ಅಮ್ಮಿಯ ಕೋಳಿಗಳೂ

ನಾನು ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲ. ಬ್ಯಾಡಗಿಯ ನಮ್ಮ ಮನೆಗೆ ಆಗಷ್ಟೇ ಕೇಬಲ್ ಬಂದಿತ್ತು. ಅಮ್ಮಿಗೆ ಧಾರಾವಾಹಿ ಸೇರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಪ್ರಾಣಿ, ಪಕ್ಷಿಗಳ ಚಾನೆಲ್. ಅದು ಹಿಂದಿಯಲ್ಲಿ ಬರುತ್ತಿತ್ತು. ಮನೆಯಲ್ಲಿ ಉರ್ದು ಆಡುವ ನಮಗೆ ತೊಂದರೆಯಿರಲಿಲ್ಲ. ಪಕ್ಕದ ಮನೆಯವಳನ್ನು ಅಮ್ಮಿ ಅಕ್ಕ ಅನ್ನುವಳು, ನಾನು ದೊಡ್ಡವ್ವ ಅನ್ನುವೆ, ಅವಳಿಗೆ ಮಾತ್ರ ಹಿಂದಿ ತಿಳಿಯದು. ಮಧ್ಯಾಹ್ನ ಮೆಣಸಿನಕಾಯಿ ಚೀಲ ಹೊತ್ತು ನಮ್ಮ ಪಡಸಾಲೆಗೆ ಬರುತ್ತಿದ್ದಳು. ಇಬ್ಬರೂ ತೊಟ್ಟು ಬಿಡಿಸುತ್ತ ಕೂತರೆ ಅಮ್ಮಿ ಟಿವಿಯ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವಳು.

ಒಂದು ದಿನ ಹೆಬ್ಬಾತುಗಳನ್ನು ತೋರಿಸಿದರು. ಎಲ್ಲೋ ಮಂಗೋಲಿಯಾದಿಂದ ಹೊರಟು, ಹಿಮಾಲಯ ದಾಟಿ, ಚಳಿಗಾಲಕ್ಕೆ ನಮ್ಮ ಕಡೆ ಬರುವ ಹಕ್ಕಿಗಳು.

"ಇವು ದಾರ‍್ಯಾಗ ಏನ್ ತಿಂತಾವ ತಂಗಿ?" ದೊಡ್ಡವ್ವ ಕೇಳಿದಳು.

"ಕೆರಿ ಸಿಕ್ಕಲ್ಲಿ ಇಳೀತಾವಂತ. ನಮ್ಮ ಹಾವೇರಿ ಕಡೆನೂ ಬರ್ತಾವಂತ, ಇಕಿ ಹೇಳ್ತಾಳ," ಎಂದು ಅಮ್ಮಿ ನನ್ನತ್ತ ತೋರಿಸಿದಳು.

ಗಾಳಿಗೆ ಸಿಕ್ಕು ಹಿಂದೆ ಬಿದ್ದಿದ್ದ ಹಕ್ಕಿಯೊಂದು ಕಡೆಗೆ ಗುಂಪು ಸೇರಿಕೊಂಡಾಗ ದೊಡ್ಡವ್ವ ಮರೆತು ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಅಮ್ಮಿ ನೀರು ತರಲು ಓಡಿದಳು.

ಸ್ವಲ್ಪ ದಿನಕ್ಕೆ ಮಹಾರಾಷ್ಟ್ರದಲ್ಲಿ ಹಕ್ಕಿಜ್ವರ ಎಂಬ ಸುದ್ದಿ ಬಂತು. ಸುದ್ದಿ ಚಾನೆಲ್ಲಿನಲ್ಲೂ ಹಾಗೇ ಸಾಲುಗಟ್ಟಿ ಹಾರುವ ಹಕ್ಕಿಗಳು. ಹಿಂದೆ ಮಾತ್ರ ಎದೆ ನಡುಗಿಸುವ ಸಂಗೀತ. ರೋಗ ತಂದದ್ದು ಇವೇ ಇರಬಹುದು ಅಂದರು. ಅಮ್ಮಿ ಅದನ್ನೂ ಕನ್ನಡದಲ್ಲಿ ಹೇಳಿದಳು.

ಆ ವಾರವೇ ನಮ್ಮ ಹಿತ್ತಲಿನಲ್ಲಿ ಅಮ್ಮಿಯ ಎರಡು ಕೋಳಿ ಸತ್ತವು. ದೊಡ್ಡವ್ವನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು, ಹುಟ್ಟಿದ ಕೂಸನ್ನು ಇನ್ನೂ ತೊಟ್ಟಿಲಿಗೂ ಹಾಕಿರಲಿಲ್ಲ. ದೊಡ್ಡವ್ವ ಗೋಡೆಯಾಚೆಯಿಂದಲೇ ಮಾತಾಡಿದಳು.

"ತಪ್ಪು ತಿಳೀಬ್ಯಾಡ ತಂಗಿ. ಮನ್ಯಾಗ ಬಾಣಂತಿ ಅದಾಳ. ಕೋಳಿ ಬ್ಯಾರೆ ಎಲ್ಲೆರ ಇಡು."

ಅಮ್ಮಿ "ಆತ್ರಿ ಅಕ್ಕಾ" ಅಂದಳು. ಆದರೆ ಆಗ ಅವನ್ನು ಇಟ್ಟುಕೊಳ್ಳುವವರು ಯಾರು? ನಾನು ದನದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕರೆತಂದೆ. ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸತ್ತ ಕೋಳಿಯನ್ನು ಪರೀಕ್ಷೆಗೆ ಕಳಿಸಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು.

"ಅದಾ ರೋಗ ಅಂತಾದ್ರ ಎಲ್ಲಾನೂ ಕೊಲ್ತೀರೇನ್ರಿ ಸಾಹೇಬ್ರ?" ಅಮ್ಮಿ ಕೇಳಿದಳು.

"ವರದಿ ಬರಲಿ, ನೋಡೋಣ್ರಿ," ಅಂದರು. ಸುಳ್ಳು ಧೈರ್ಯ ಹೇಳಲಿಲ್ಲ.

ಆಮೇಲೆ ಅಮ್ಮಿ ಟಿವಿ ಹಚ್ಚಲಿಲ್ಲ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿಟ್ಟು, ಕಾಳು ಹಾಕಿ ಬಂದಾಗಲೆಲ್ಲ ಮೊಣಕೈವರೆಗೆ ಸೋಪು ತಿಕ್ಕಿಕೊಳ್ಳುವಳು. ಅವಳ ತಾಟು ಬೇರೆ, ಚಾಪೆ ಬೇರೆ. ಒಮ್ಮೆ ಅವಳು ಕೆಮ್ಮಿದಾಗ, ಅದು ಮೆಣಸಿನಕಾಯಿ ಘಾಟೆಂದು ಗೊತ್ತಿದ್ದೂ ನಾನು ಅವಳ ಹಣೆ ಮುಟ್ಟಿ ನೋಡಿದೆ. ಕಾಲೇಜಿನಲ್ಲಿ ಪತ್ರಿಕೆ ತೆರೆದರೆ ಮೊದಲು ನಮ್ಮೂರಿನ ಹೆಸರಿದೆಯೇ ಎಂದು ಹುಡುಕುತ್ತಿದ್ದೆ.

ಒಂದು ಬೆಳಿಗ್ಗೆ ಡಾಕ್ಟರ್ ತಾವೇ ಬೈಕಿನಲ್ಲಿ ಬಂದರು. ಬಾಯಿಗೆ ಬಟ್ಟೆ ಇರಲಿಲ್ಲ. ಅಷ್ಟಕ್ಕೇ ನನಗೆ ಅರ್ಧ ಜೀವ ಬಂತು.

"ಅದು ಅಲ್ಲರಿ. ಕೋಳಿಗೆ ಯಾವಾಗ್ಲೂ ಬರೋ ಕೊಕ್ಕರೆ ರೋಗ. ಮನುಷ್ಯಾರು ಹೆದರೋ ಕಾರಣ ಇಲ್ಲ. ಉಳಿದವಕ್ಕ ಲಸಿಕಿ ಹಾಕ್ತೇನಿ."

ಅಮ್ಮಿ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೇನೋ ಎಂದು ಹತ್ತಿರ ಹೋದರೆ ನಗುತ್ತಿದ್ದಳು. ಡಾಕ್ಟರಿಗೆ ಚಹಾ ಕೊಡಲು ನನಗೆ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ನಡೆದಳು.

ದೊಡ್ಡವ್ವ ಆಗಲೇ ಬಾಗಿಲಿಗೆ ಬಂದಿದ್ದಳು.

"ಕೇಳಿಸ್ತು ತಂಗಿ. ಕೂಸಿನ ಸಲುವಾಗಿ ಭಾಳ ಹೆದರಿದ್ದೆ."

"ನಾನೂ ಹೆದರಿದ್ನಿ ಅಕ್ಕಾ. ಹೊರಗ ತೋರಸ್ಲಿಲ್ಲ ಅಷ್ಟ."

"ಒಳಗ ಬಾ, ಕೂಸಿನ ಮಾರಿನಾ ನೋಡಿಲ್ಲ ನೀನು," ಎಂದು ದೊಡ್ಡವ್ವ ಕೈ ಹಿಡಿದು ಕರೆದಳು. ಚಹಾ ಮುಗಿಸಿ ನಾನು ಅಲ್ಲಿಗೆ ಹೋದಾಗ ಅಮ್ಮಿಯ ತೊಡೆಯ ಮೇಲೆ ಕೂಸು ಮಲಗಿತ್ತು. ಮೂಗು ಯಾರ ಹಾಗಿದೆ ಎಂದು ಇಬ್ಬರೂ ವಾದ ಮಾಡುತ್ತಿದ್ದರು.